ಉಗುರಿನಲ್ಲಿ ಗೀರಿದ ಬೆಳಕು

ಪತಂಗದ ರೆಕ್ಕೆ, ಹೂವಿನ ಪಕಳೆ, ಹುಲ್ಲಿನ ಗರಿ. ‘ಮಾತ್‌ಲೈಟ್’ ಎಂಬ ಸಿನಿಮಾದಲ್ಲಿ ಇರುವುದು ಇಷ್ಟೇ. ನಟರಿಲ್ಲ, ಕತೆಯಿಲ್ಲ, ಮಾತಿಲ್ಲ, ಸಂಗೀತವಿಲ್ಲ. ಇವೆಲ್ಲ ಇಲ್ಲದ ಸಿನಿಮಾಗಳು ಬೇರೆಯೂ ಇವೆಯೆನ್ನಿ. ಇದಕ್ಕೆ ಕ್ಯಾಮೆರಾವೂ ಇಲ್ಲ. 1963ರಲ್ಲಿ ಅಮೆರಿಕದ ಸ್ಟ್ಯಾನ್ ಬ್ರಾಕೇಜ್, ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದ ದಿನಗಳಲ್ಲಿ, ದೀಪಕ್ಕೆ ಬಿದ್ದು ಸತ್ತ ಪತಂಗಗಳನ್ನು ಹೆಕ್ಕಿ ತಂದ. ಅವುಗಳ ರೆಕ್ಕೆ ಬಿಡಿಸಿ, ಫಿಲಂ ಅಂಟಿಸಲು ಬಳಸುವ 16 ಎಂಎಂ ಪಾರದರ್ಶಕ ಟೇಪಿನ ಎರಡು ಪಟ್ಟಿಗಳ ನಡುವೆ ಒತ್ತಿಟ್ಟ. ಜೊತೆಗೆ ಪಕಳೆ, ಹುಲ್ಲು. ಆ ಪಟ್ಟಿಯನ್ನೇ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದ. ಸಿನಿಮಾ ಆಯಿತು. ನಾಲ್ಕು ನಿಮಿಷವೂ ಇಲ್ಲ.

ಅದು ತೆರೆಯ ಮೇಲೆ ಹೇಗೆ ಕಾಣುತ್ತದೆ ಎನ್ನುವುದರಲ್ಲಿ ಅದರ ಸೊಗಸೆಲ್ಲ ಇದೆ. 16 ಎಂಎಂ ಫಿಲಂನ ಒಂದು ಅಡಿಯಲ್ಲಿ 40 ಚೌಕ. ಒಂದೊಂದು ಚೌಕ ಕಿರುಬೆರಳ ಉಗುರಿಗಿಂತ ತುಸು ದೊಡ್ಡದು, ಅಷ್ಟೆ. ರೆಕ್ಕೆಗೆ ಈ ಚೌಕಗಳ ಲೆಕ್ಕ ಗೊತ್ತಿಲ್ಲವಲ್ಲ. ಅದು ಎರಡೋ ಮೂರೋ ಚೌಕಗಳ ಮೇಲೆ ತನ್ನ ಪಾಡಿಗೆ ಹರಡಿಕೊಂಡಿದೆ. ಪ್ರೊಜೆಕ್ಟರು ಒಂದೊಂದು ಚೌಕವನ್ನು ಸೆಕೆಂಡಿನ 24ನೇ ಒಂದು ಭಾಗದಷ್ಟು ಕಾಲ ಹಿಡಿದು ಬಿಡುತ್ತದೆ. ಹಾಗಾಗಿ ಇಡೀ ರೆಕ್ಕೆ ನಮಗೆ ಯಾವತ್ತೂ ಕಾಣುವುದಿಲ್ಲ. ಕಂದು ನರಗಳ ಒಂದು ತುಣುಕು ಗೋಡೆಯಗಲ ಮೂಡಿ ಮಾಯವಾಗುತ್ತದೆ, ಅದರ ಬೆನ್ನಿಗೆ ಇನ್ನೊಂದು ತುಣುಕು. ಉದ್ದದ ಹುಲ್ಲು ಬಂದಾಗ ಮಾತ್ರ ಬೇರೆಯೇ ಆಟ: ಹಲವು ಚೌಕಗಳನ್ನು ಸೀಳಿಕೊಂಡು ಮಲಗಿರುವ ಅದು ತೆರೆಯ ನಟ್ಟನಡುವೆ ನಿಂತು ಕಂಪಿಸುತ್ತ ಬೆಳೆಯುತ್ತಿರುವಂತೆ ಕಾಣುತ್ತದೆ. ಸತ್ತ ಪತಂಗ ಮತ್ತೆ ಹಾರಿತು ಎಂದು ಬರೆದವರಿದ್ದಾರೆ. ನನಗೆ ಹಾರಿದಂತೇನೂ ಕಾಣುವುದಿಲ್ಲ. ಕಾಣುವುದು ರೆಕ್ಕೆಯ ಧೂಳು, ಅದರ ಅಂಚಿನ ಹರಕು, ಅದರೊಳಗಿಂದ ಹಾಯ್ದು ಬರುವ ಬೆಳಕು. ಅಷ್ಟಕ್ಕೇ ಮನಸ್ಸು ತುಂಬುತ್ತದೆ.

ಬ್ರಾಕೇಜ್ ಹುಟ್ಟಿದ್ದು 1933ರ ಜನವರಿಯಲ್ಲಿ, ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ, ದತ್ತುಮಗನಾಗಿ ಬೆಳೆದ. ಹುಡುಗನಾಗಿದ್ದಾಗ ಒಳ್ಳೆಯ ಹಾಡುಗಾರ. ಡಾರ್ಟ್‌ಮತ್ ಕಾಲೇಜಿಗೆ ಸೇರಿ, ಓದು ಬಿಟ್ಟು ಬಂದು, ಇಪ್ಪತ್ತು ತುಂಬುವ ಮೊದಲೇ ಸಿನಿಮಾ ಶುರು ಹಚ್ಚಿಕೊಂಡ. ಮುಂದಿನ ಐವತ್ತು ವರ್ಷ ಅದೊಂದೇ ಕೆಲಸ. ಕೆಲವೇ ಸೆಕೆಂಡಿನವು, ನಾಲ್ಕು ತಾಸಿನವು, ಎಲ್ಲ ಸೇರಿ 350ಕ್ಕೂ ಹೆಚ್ಚು ಚಿತ್ರ. 1964ರಿಂದಾಚೆಗೆ ಹಲವು ವರ್ಷ 8 ಎಂಎಂನ ಪುಟ್ಟ ಕ್ಯಾಮೆರಾದಲ್ಲಿ ‘ಸಾಂಗ್ಸ್’ ಎಂಬ ಚಿತ್ರಮಾಲೆ ಮಾಡಿದನಲ್ಲ, ಅದಕ್ಕೆ ಕಾರಣ ಅವನ 16 ಎಂಎಂ ಸಾಮಾನೆಲ್ಲ ನ್ಯೂಯಾರ್ಕಿನಲ್ಲಿ ಕಳುವಾದದ್ದು. ಇರುವುದರಲ್ಲೇ ಮಾಡುವುದು ಅವನಿಗೆ ಮೊದಲಿನಿಂದಲೂ ರೂಢಿ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಟೆಂಟ್ ಸಿನಿಮಾದ ಕಾಲದಲ್ಲಿ ಬೆಳೆದವರಿಗೆ ಫಿಲಂ ಅಂದರೆ ಕೈಗೆ ಸಿಗುತ್ತಿದ್ದ ವಸ್ತು. ಆಪರೇಟರ್ ರೂಮಿನ ಹಿಂದೆ ಬಿದ್ದಿರುತ್ತಿದ್ದ ತುಂಡುಗಳನ್ನು ಆಯ್ದುತಂದು, ಹೋಗಿಬಿಟ್ಟ ಬಲ್ಬಿನ ಬುರುಡೆಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಕುಮಾರರನ್ನು ಮೂಡಿಸಿದ ಹುಡುಗರು ಊರೂರಿನಲ್ಲಿ ಇದ್ದರು. ತುಂಡನ್ನು ಕಲ್ಲಿಗೆ ಉಜ್ಜಿದರೆ ಬಣ್ಣ ಕಿತ್ತುಬರುತ್ತದೆ, ಒದ್ದೆ ಮಾಡಿ ಕೆರೆದರೆ ಇನ್ನೂ ಸಲೀಸು ಎನ್ನುವುದೂ ಅವರಿಗೆ ಗೊತ್ತಿತ್ತು. ಬೊಗಸೆಯಲ್ಲಿ ಹಿಡಿಯಬಹುದಾದ ಈ ಸಿನಿಮಾ ದೊಡ್ಡವರಾಗುತ್ತ ನಮಗೆ ಮರೆತುಹೋಯಿತು. ಬ್ರಾಕೇಜ್‌ಗೆ ಮರೆಯಲಿಲ್ಲ. ಫಿಲಂ ಅವನಿಗೆ ಕೊನೆಯವರೆಗೂ ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಮೂಸಿ, ಉಜ್ಜಿ ನೋಡುವ ಪಟ್ಟಿಯೇ ಆಗಿತ್ತು.

1963ರಲ್ಲೇ ಅವನ ‘ಮೆಟಫರ್ಸ್ ಆನ್ ವಿಷನ್’ ಎಂಬ ಪುಸ್ತಕವೂ ಬಂತು. ಹೆಸರುಗಳನ್ನು ಕಲಿಯುವ ಮೊದಲು ಕೂಸಿನ ಕಣ್ಣಿಗೆ ಜಗತ್ತು ಹೇಗೆ ಕಾಣುತ್ತಿರಬಹುದು ಎಂಬುದು ಅದರ ಮುಖ್ಯ ಚಿಂತೆ. ಕಣ್ಣು ಮುಚ್ಚಿದಾಗ ರೆಪ್ಪೆಯ ಒಳಗೆ ಓಡಾಡುವ ಚುಕ್ಕಿ, ಗೆರೆ, ಬಣ್ಣದ ಮಸುಕು ಇವೆಯಲ್ಲ, ಅವೂ ಅವನ ಲೆಕ್ಕದಲ್ಲಿ ನೋಟವೇ. ಮಾತು ಕೆಲವೊಮ್ಮೆ ಮಂತ್ರದ ಹಾಗೆ ತೊಡಕಾಗುತ್ತದೆ. ಬ್ರಾಕೇಜ್‌ನನ್ನು ಓದುವುದಕ್ಕಿಂತ ನೋಡುವುದೇ ಮೇಲು.

ನೋಡುವುದಕ್ಕೆ ಅವನು ಹೆದರಿದವನಲ್ಲ. 1959ರ ‘ವಿಂಡೋ ವಾಟರ್ ಬೇಬಿ ಮೂವಿಂಗ್’ನಲ್ಲಿ ಹೆಂಡತಿ ಜೇನ್‌ಳ ಹೆರಿಗೆ ಇದೆ. ಕಿಟಕಿಯ ಬೆಳಕು, ಟಬ್ಬಿನ ನೀರು, ನೀರಿನಲ್ಲಿ ಹೊಳೆಯುವ ತುಂಬು ಹೊಟ್ಟೆ. ಮಗು ಹುಟ್ಟಿದ ಮೇಲೆ ಕ್ಯಾಮೆರಾ ಜೇನ್‌ಳ ಕೈಗೆ ಹೋಗಿ, ಅಪ್ಪನಾದವನ ಕಂಗೆಟ್ಟ ಮುಖ ಕಾಣುತ್ತದೆ. 1971ರಲ್ಲಿ ಪಿಟ್ಸ್‌ಬರ್ಗಿನ ಶವಾಗಾರಕ್ಕೆ ಹೋಗಿ ಮರಣೋತ್ತರ ಪರೀಕ್ಷೆಯನ್ನು ಚಿತ್ರಿಸಿದ. ಅದನ್ನು ಎರಡನೇ ಸಲ ನೋಡಲು ನನಗಂತೂ ಗುಂಡಿಗೆ ಸಾಲದು. 1974ರ ‘ದಿ ಟೆಕ್ಸ್ಟ್ ಆಫ್ ಲೈಟ್’ನಲ್ಲಿ ತಾಸಿಗೂ ಹೆಚ್ಚು ಹೊತ್ತು ಇರುವುದು ಒಂದು ಗಾಜಿನ ಆಶ್‌ಟ್ರೇಯೊಳಗೆ ಬೆಳಕು ಒಡೆಯುವ ಬಗೆ ಮಾತ್ರ. ಆಶ್‌ಟ್ರೇ ಎಂದು ಮೊದಲೇ ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಬೆಟ್ಟ, ಸೂರ್ಯಾಸ್ತ, ಕೆರೆಯ ಏರಿ ಎಲ್ಲ ಕಂಡಿತು ಎನ್ನುತ್ತಾರೆ.

ಹೆಚ್ಚಿನವು ಮೂಕಿ. ಹಿನ್ನೆಲೆಗೆ ಪಿಯಾನೊ ಕೂಡ ಇಲ್ಲದ ಮೂಕಿ. ಮೊದಲ ಸಲ ಕೂತವರಿಗೆ ಕಿವಿ ಖಾಲಿಯಾಗಿ ಚಡಪಡಿಕೆ ಹತ್ತುತ್ತದೆ, ಪಕ್ಕದವರ ಉಸಿರು ಕೇಳಿಸತೊಡಗುತ್ತದೆ. ಆ ಚಡಪಡಿಕೆ ದಾಟಿದ ಮೇಲೆ ಕಣ್ಣಿಗೇ ಒಂದು ಲಯ ಹತ್ತುತ್ತದೆ. ಬಣ್ಣ ಬದಲಾಗುವ ವೇಗ ತಾಳದಂತೆ ಮೈಗೆ ತಾಗುತ್ತದೆ. ಸಂಗೀತ ಹಾಕಿದ್ದರೆ ಈ ಲಯ ಅದರ ಬಾಲ ಹಿಡಿದುಕೊಂಡು ಹೋಗಿಬಿಡುತ್ತಿತ್ತು. ಹಾಡುಗಾರನಾಗಿದ್ದವನು ಸದ್ದನ್ನು ದೂರವಿಟ್ಟದ್ದು ಅದರ ಬಲ ಗೊತ್ತಿದ್ದರಿಂದಲೇ ಇರಬೇಕು.

ಎಂಬತ್ತರ ದಶಕದಲ್ಲಿ ಅವನು ಬಣ್ಣದ ಕಡೆ ವಾಲಿದ. ಫಿಲಂ ಮೇಲೆ ಕೈಯಾರೆ ಚಿತ್ರ ಬಿಡಿಸುವುದನ್ನು ಅವನಿಗಿಂತ ಮುಂಚೆ ಮಾಡಿದವರಿದ್ದಾರೆ. ಅವನೂ ಮೊದಲು ಅಲ್ಲಲ್ಲಿ ಮಾಡಿದ್ದ. ಆದರೆ 1987ರಲ್ಲಿ ಮುಗಿದ ‘ದಿ ಡಾಂಟೆ ಕ್ವಾರ್ಟೆಟ್’ನಲ್ಲಿ ಅದು ಅವನ ಜೀವಾಳವಾಯಿತು. ಇಟಲಿಯ ಮಹಾಕವಿ ಡಾಂಟೆಯನ್ನು ವರ್ಷಗಟ್ಟಲೆ ಓದಿಕೊಂಡಿದ್ದವನು ನರಕದಿಂದ ಸ್ವರ್ಗದವರೆಗಿನ ಆ ಪಯಣವನ್ನು ನಾಲ್ಕು ತುಂಡು ಬಣ್ಣವಾಗಿ ಮಾಡಿದ. ಹಿಡಿದದ್ದು ಆರು ವರ್ಷ, ಉಳಿದದ್ದು ಹತ್ತು ನಿಮಿಷಕ್ಕೂ ಕಡಿಮೆ. ಜೇನ್ ಜೊತೆಗಿನ ಸಂಸಾರ ಮುರಿದುಬೀಳುತ್ತಿದ್ದ ಕಾಲ ಅದು. ಚಿತ್ರದಲ್ಲಿ ಅದರ ಕತೆ ಇಲ್ಲ, ಕಾವಿದೆ.

ಇದನ್ನು ನಿಧಾನಕ್ಕೆ ನೋಡಬೇಕು. ಬಳಸಿದ ಫಿಲಂಗಳಲ್ಲಿ ಐಮ್ಯಾಕ್ಸ್‌ನಂಥ ಅಗಲದ ಪಟ್ಟಿಗಳೂ ಇವೆ, ಓಡಿ ಓಡಿ ಸವೆದ ‘ಇರ್ಮಾ ಲ ಡೂಸ್’ ಎಂಬ ಹಾಲಿವುಡ್ ಚಿತ್ರದ ಹಳೇ ಪ್ರಿಂಟೂ ಇದೆ. ಅದರ ಮೇಲೇ ಬಣ್ಣ ಮೆತ್ತಿದ್ದಾನೆ. ಮೊದಲ ಭಾಗದ ನರಕದಲ್ಲಿ ಬಣ್ಣ ದಪ್ಪಗೆ ಗಟ್ಟಿಕಟ್ಟಿದೆ. ಒಣಗಿ ಬಿರಿದ ಬಿರುಕುಗಳು ತೆರೆಯ ಮೇಲೆ ಕಣಿವೆಯಷ್ಟು ಆಳವಾಗಿ ಕಾಣುತ್ತವೆ. ಎರಡನೆಯದರಲ್ಲಿ ಚಿತ್ರ ಇದ್ದಕ್ಕಿದ್ದಂತೆ ಕುಗ್ಗಿ ತೆರೆಯ ನಡುವಿನ ಪುಟ್ಟ ಆಯವಾಗುತ್ತದೆ, ಸುತ್ತ ಬರೀ ಕಪ್ಪು. ನಾವು ಮುಂದಕ್ಕೆ ಬಾಗಿ ನೋಡುತ್ತಿರುವುದು ನಮಗೇ ಆಮೇಲೆ ತಿಳಿಯುತ್ತದೆ. ಮೂರನೆಯದರಲ್ಲಿ ಮತ್ತೆ ಅಗಲ. ಬಣ್ಣದ ಅಡಿಯಿಂದ ಹಳೇ ಚಿತ್ರದ ನೆರಳು ಸುಳಿದ ಹಾಗಾಗುತ್ತದೆ. ಕೊನೆಯದು ಉಕ್ಕುವ ಹಳದಿ, ಕೆಂಪು, ನೀಲಿ. ಸ್ವರ್ಗ ಎಂದು ಅವನು ಹೇಳುವುದಿಲ್ಲ, ಇರುವಿಕೆಯೇ ಹಾಡು ಎಂಬ ಅರ್ಥದ ಹೆಸರಿಡುತ್ತಾನೆ. ಕವಿಗಳು ಸ್ವರ್ಗಕ್ಕೆ ಬಂದಾಗ ಸಪ್ಪೆಯಾಗುವುದುಂಟು. ಇವನು ಆಗಿಲ್ಲ.

ಇಂಥ ಚಿತ್ರಗಳಿಗೆ ಡೆನ್ವರಿನ ವೆಸ್ಟರ್ನ್ ಸಿನೆ ಲ್ಯಾಬಿನ ಸ್ಯಾಮ್ ಬುಷ್‌ನ ಕೈಯೂ ಸೇರಿದೆ. ಬಣ್ಣ ಬಳಿದ ಒಂದು ಚೌಕವನ್ನು ಎರಡೋ ಮೂರೋ ಸಲ ಪ್ರಿಂಟ್ ಮಾಡಿದರೆ ಕಣ್ಣಿಗೆ ಅಷ್ಟು ಹೆಚ್ಚು ಹೊತ್ತು ಸಿಗುತ್ತದೆ. ಒಂದರ ಮೇಲೊಂದು ಕರಗಿಸಿದರೆ ಬಣ್ಣ ಹರಿಯುತ್ತದೆ. ‘ಬ್ಲ್ಯಾಕ್ ಐಸ್’ನಲ್ಲಿ ಈ ಕುಶಲತೆ ಎದ್ದು ಕಾಣುತ್ತದೆ. 1994ರ, ಎರಡು ನಿಮಿಷದ ಸುಮಾರಿನ ಚಿತ್ರ. ರಸ್ತೆಯ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟಿಕೊಳ್ಳುವ ಹಿಮದ ಪೊರೆಯ ಮೇಲೆ ಬ್ರಾಕೇಜ್ ಜಾರಿಬಿದ್ದು ತಲೆಗೆ ಪೆಟ್ಟಾಯಿತು, ದೃಷ್ಟಿ ಹೋಯಿತು, ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಸಾಲದ್ದಕ್ಕೆ ರಕ್ತ ತೆಳುವಾಗಿಸುವ ಔಷಧಿ. ಚಳಿಗಾಲದಲ್ಲಿ ಹೊರಗಿಡುವ ಪ್ರತಿ ಹೆಜ್ಜೆಗೂ ದಿಗಿಲು. ಚಿತ್ರದಲ್ಲಿ ನೀಲಿ, ಕೆಂಪು, ಬಿಳಿಯ ಚೂರುಗಳು ಕಪ್ಪಿನಿಂದ ಎದ್ದು ನಮ್ಮತ್ತ ಬರುತ್ತವೆ, ನಾವೇ ಆ ಕಪ್ಪಿನೊಳಗೆ ಇಳಿಯುತ್ತಿರುವಂತೆ. ಬೀಳುವ ಆ ಒಂದು ಕ್ಷಣವನ್ನು ಎರಡು ನಿಮಿಷಕ್ಕೆ ಹಿಗ್ಗಿಸಿದ್ದಾನೆ. ಭಯದ ಚಿತ್ರ, ಸರಿ. ಆದರೆ ಬಿದ್ದವನು ಬೀಳುವಾಗಲೂ ಬಣ್ಣ ನೋಡುತ್ತಿದ್ದ ಎನ್ನುವುದು ಅದರ ತಮಾಷೆ.

1996ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಫಿಲಂಗೆ ಬಳಿಯುತ್ತಿದ್ದ ಬಣ್ಣಗಳೇ ಇದಕ್ಕೆ ಕಾರಣವಿರಬಹುದು ಎಂದು ಬ್ರಾಕೇಜ್ ನಂಬಿದ್ದ. ಅವು ಕಲ್ಲಿದ್ದಲ ಡಾಂಬರಿನಿಂದ ತೆಗೆದ ಬಣ್ಣಗಳು. ಅಂಥ ಬಣ್ಣ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆಗಳು ಕಾಣಿಸುತ್ತಿವೆ ಎಂದು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ವರದಿ ಮಾಡಿದ್ದ. ಬೆಂಜಿಡಿನ್‌ನಂಥ ಕೆಲವು ರಾಸಾಯನಿಕಗಳು ಮೈಗೆ ಸೇರಿ ಮೂತ್ರದಲ್ಲಿ ಬಸಿದು ಮೂತ್ರಕೋಶದಲ್ಲಿ ತಂಗುತ್ತವೆ, ಕೇಡು ಅಲ್ಲೇ ಮೊದಲಾಗುತ್ತದೆ. ಬ್ರಾಕೇಜ್‌ನ ವಿಷಯದಲ್ಲಿ ಹೀಗೇ ಆಯಿತೆಂದು ಸಾಧಿಸಿ ತೋರಿಸಲಾಗದು. ಆದರೆ ಆಮೇಲೆ ‘ಡಾಂಟೆ’ಯ ಕೆಂಪನ್ನು ನೋಡುವಾಗ ಈ ಸುದ್ದಿಯನ್ನು ಮನಸ್ಸಿನಿಂದ ಪೂರ್ತಿ ತಳ್ಳಿಹಾಕುವುದಕ್ಕೂ ಆಗುವುದಿಲ್ಲ. ಕಲೆಗಾಗಿ ಪ್ರಾಣ ತೆತ್ತ ಎಂದು ಇದನ್ನು ಹಾಡಿ ಹೊಗಳುವುದು ನನಗೆ ಸೇರದು. ಬಣ್ಣದ ಡಬ್ಬಿಯ ಮೇಲೆ ಎಚ್ಚರಿಕೆ ಇದ್ದು, ಕೈಗೆ ಗ್ಲೌಸ್ ಇದ್ದಿದ್ದರೆ ಆ ಕೆಂಪೇನೂ ಕಡಿಮೆ ಕೆಂಪಾಗುತ್ತಿರಲಿಲ್ಲ.

ಆಪರೇಷನ್ನಿಗೆ ಕಾಯುತ್ತಿದ್ದ ದಿನಗಳಲ್ಲಿ ಅವನು ಬೋಲೆಕ್ಸ್ ಕ್ಯಾಮೆರಾ ಹಿಡಿದುಕೊಂಡು ಕೊಲರಾಡೋದ ಬೌಲ್ಡರ್ ಊರಿನ ಹಳ್ಳಕ್ಕೆ ಹೋದ. ವರ್ಷಗಳಿಂದ ಹೆಚ್ಚಾಗಿ ಬಣ್ಣ ಬಳಿಯುತ್ತ ಕೂತವನು ಮತ್ತೆ ಕ್ಯಾಮೆರಾಕ್ಕೆ ಮರಳಿದ್ದ. ಆಗ ತೆಗೆದದ್ದೇ ‘ಕಮಿಂಗಲ್ಡ್ ಕಂಟೇನರ್ಸ್’. ಹರಿಯುವ ನೀರಿನ ಮೈಗೆ ಕಣ್ಣು ತಾಗಿಸಿದಷ್ಟು ಹತ್ತಿರದಿಂದ ನೋಡಿದ ಕೆಲವೇ ನಿಮಿಷದ ಚಿತ್ರ.

ಏನಿದೆ ಅದರಲ್ಲಿ? ಗುಳ್ಳೆಗಳು. ದುಂಡನೆಯವು, ಒಂದಕ್ಕೊಂದು ಅಂಟಿ ಚಪ್ಪಟೆಯಾದವು, ಅಂಚಿನಲ್ಲಿ ಮಾತ್ರ ಬೆಳಕು ಹೊತ್ತು ನಡುವೆ ಖಾಲಿಯಿದ್ದವು. ಒಂದು ಗುಳ್ಳೆಯೊಳಗೆ ಇನ್ನೊಂದು ಕಾಣುತ್ತದೆ. ಒಳಗಿದೆಯೋ ಹಿಂದಿದೆಯೋ ತಿಳಿಯುವ ಮೊದಲೇ ಎರಡೂ ಒಂದಾಗುತ್ತವೆ, ಇಲ್ಲವೆ ಎರಡೂ ಇಲ್ಲವಾಗುತ್ತವೆ. ನಡುನಡುವೆ ನೀರಿನ ಮೈ ಎಳೆ ಎಳೆಯಾಗಿ ಸೆಳೆದುಕೊಂಡು ಹೋಗುತ್ತದೆ, ಆಮೇಲೆ ದಟ್ಟ ನೀಲಿ. ನೀರು ಎಂದು ಗೊತ್ತಿದ್ದೂ ಒಮ್ಮೊಮ್ಮೆ ಸೂಕ್ಷ್ಮದರ್ಶಕದ ಅಡಿಯ ಜೀವಕೋಶ, ಒಮ್ಮೊಮ್ಮೆ ಗ್ರಹಗಳು. ಅಳತೆಯೇ ಕಳೆದುಹೋಗುತ್ತದೆ. ಈ ಚಿತ್ರವನ್ನು ಬ್ರಾಕೇಜ್ ಒಂದು ಬಗೆಯ ಉಯಿಲಿನಂತೆ ಕಂಡಿದ್ದ. ನನಗೋ, ಡಾಕ್ಟರು ದಿನ ಕೊಟ್ಟ ಮೇಲೆ ಮನೆಯಲ್ಲಿ ಕೂರಲಾಗದೆ ಹಳ್ಳದ ಕಡೆ ನಡೆದ ಮನುಷ್ಯನೇ ಕಾಣುತ್ತಾನೆ. ಅಲ್ಲಿ ಹೋಗಿ ಮಾಡುವುದಾದರೂ ಏನು, ಕೈಯಲ್ಲಿ ಕ್ಯಾಮೆರಾ ಇದೆ, ಗುಳ್ಳೆ ಏಳುತ್ತಿದೆ. ಬಣ್ಣದ ಚಿತ್ರಗಳಲ್ಲಿ ಅವನು ಕೈಯಾರೆ ಹುಟ್ಟಿಸಬೇಕಾಗಿದ್ದ ಬೆರಗನ್ನು ಆ ಹಳ್ಳ ಪುಕ್ಕಟೆ ಕೊಡುತ್ತಿತ್ತು.

ಮೂತ್ರಕೋಶವನ್ನು ತೆಗೆದರು. ರೋಗ ಹಿಂದೆ ಸರಿಯಿತು. ಆಮೇಲಿನ ಆರೇಳು ವರ್ಷ ಸುಮ್ಮನೆ ಕಳೆಯಲಿಲ್ಲ. ಪರ್ಷಿಯದ ಕಿರುಚಿತ್ರಕಲೆಯ ನೆನಪಿನಲ್ಲಿ 18 ತುಣುಕುಗಳ ‘ಪರ್ಷಿಯನ್ ಸೀರೀಸ್’ ಮಾಡಿದ. ಬರೀ ಮೂರು ಚುಕ್ಕಿಯನ್ನೇ ಹೆಸರಾಗಿಟ್ಟ ಚಿತ್ರಗಳಲ್ಲಿ ಫಿಲಂ ಗೀರುವುದಕ್ಕೆ ಮರಳಿದ. ಬೌಲ್ಡರಿನ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 1981ರಿಂದ ಪಾಠ ಹೇಳುತ್ತಿದ್ದುದೂ ಮುಂದುವರಿದಿತ್ತು. ‘ಸೌತ್ ಪಾರ್ಕ್’ ಎಂಬ ತಂಟೆಕೋರ ಕಾರ್ಟೂನಿನ ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಅವನ ಶಿಷ್ಯರೇ. ಅವರು ವಿದ್ಯಾರ್ಥಿಗಳಾಗಿದ್ದಾಗ ತೆಗೆದ, ನರಭಕ್ಷಣೆ ಕುರಿತ ಸಂಗೀತಮಯ ಹಾಸ್ಯಚಿತ್ರವೊಂದರಲ್ಲಿ ಮೇಷ್ಟರು ಒಂದು ಪಾತ್ರವನ್ನೂ ಮಾಡಿದ್ದಾನೆ. ಮೌನಚಿತ್ರಗಳ ಋಷಿ ಎಂದು ಅವನನ್ನು ಪೂಜಿಸುವವರು ಇದನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ.

2002ರಲ್ಲಿ ನಿವೃತ್ತನಾಗಿ ಎರಡನೇ ಹೆಂಡತಿ ಮರಿಲಿನ್ ಮತ್ತು ಮಕ್ಕಳೊಂದಿಗೆ ಕೆನಡಾದ ವಿಕ್ಟೋರಿಯಾಕ್ಕೆ ಹೋದ. ಪೆಸಿಫಿಕ್ ಸಾಗರದ ವ್ಯಾಂಕೂವರ್ ದ್ವೀಪದ ಊರದು, ಮರಿಲಿನ್ ಬೆಳೆದದ್ದು ಅಲ್ಲಿ. ಹತ್ತು ವರ್ಷಗಳಿಂದ ಆ ಕಡಲನ್ನೂ ತೋಟಗಳನ್ನೂ ಅವನು ಚಿತ್ರಿಸುತ್ತ ಬಂದಿದ್ದ. ಕ್ಯಾನ್ಸರ್ ಮರಳಿತು. ‘ಸ್ಟ್ಯಾನ್ಸ್ ವಿಂಡೋ’ ಅವನು ಕ್ಯಾಮೆರಾದಲ್ಲಿ ತೆಗೆದ ಕೊನೆಯ ಚಿತ್ರ, ಹೆಸರೇ ಹೇಳುವಂತೆ ಅವನ ಕಿಟಕಿ. ಕ್ಯಾಮೆರಾ ಎತ್ತುವುದೂ ಆಗದೆ ಹೋದಾಗ ಉಳಿದದ್ದು ಕಪ್ಪು ಬಣ್ಣದ 35 ಎಂಎಂ ಫಿಲಂ, ಬಾಯಿಯ ಎಂಜಲು, ಬೆರಳ ಉಗುರು. ಎಂಜಲು ಹಚ್ಚಿ ಫಿಲಂನ ಪದರವನ್ನು ಮೆತ್ತಗೆ ಮಾಡುವುದು, ಉಗುರಿನಿಂದ ಗೀರುವುದು. ತಾನು ಹೋದಾಗ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ ಚಿತ್ರ ಮುಗಿಯಿತು ಎಂದು ಹೇಳಿಟ್ಟ. 2003ರ ಮಾರ್ಚ್ 9ರಂದು ತೀರಿಕೊಂಡ, 70 ವರ್ಷ. ಗೀರಿದ್ದು ಎರಡು ನಿಮಿಷದಷ್ಟು ಉಳಿಯಿತು. ‘ಚೈನೀಸ್ ಸೀರೀಸ್’.

ಹುಡುಗರು ಸ್ಲೇಟಿಗೆ ಎಂಜಲು ಹಚ್ಚುವುದು ಬರೆದದ್ದನ್ನು ಅಳಿಸುವುದಕ್ಕೆ, ಇವನು ಹಚ್ಚಿದ್ದು ಬರೆಯುವುದಕ್ಕೆ. ಕಪ್ಪಿನ ಮೇಲೆ ಬೆಳಕಿನ ಗೀರುಗಳು ಏಳುತ್ತವೆ. ಒಂದು ಮೇಲಿಂದ ಇಳಿದು ತಟ್ಟನೆ ಎಡಕ್ಕೆ ತಿರುಗುತ್ತದೆ, ಒಂದು ಅಡ್ಡ ಹಾಯುತ್ತದೆ, ಎರಡು ಕೂಡುವಲ್ಲಿ ಚೀನೀ ಅಕ್ಷರದ ಒಂದು ಅಂಗ ಆಯಿತು ಅನ್ನುವಷ್ಟರಲ್ಲಿ ಚದುರುತ್ತದೆ. ಕುಂಚ ಹಿಡಿದು ಬರೆದ ಅಕ್ಷರದಲ್ಲಿ ಒತ್ತಿದ ಕಡೆ ದಪ್ಪ, ಎತ್ತಿದ ಕಡೆ ತೆಳು ಇರುವ ಹಾಗೆ ಇಲ್ಲೂ ಉಗುರು ಎಷ್ಟು ಊರಿತು, ಎಲ್ಲಿ ಜಾರಿತು ಎಲ್ಲ ಕಾಣುತ್ತದೆ. ಗೀರಿನ ಅಂಚು ಚೂರಿಯಲ್ಲಿ ಕುಯ್ದಷ್ಟು ನೇರವಲ್ಲ, ಸ್ವಲ್ಪ ತರಚಿದೆ. ಅರ್ಥವಿಲ್ಲದ ಲಿಪಿ, ಆದರೆ ಕೈಗೆ ಒಂದು ವ್ಯಾಕರಣವಿದೆ, ಅದು ತಪ್ಪುವುದಿಲ್ಲ.

ಈ ಚಿತ್ರದ ಬಗ್ಗೆ ಯಾರು ಬರೆದರೂ ಮೊದಲು ಮಂಚದಿಂದ ಶುರುಮಾಡುತ್ತಾರೆ. ಸಾಯುತ್ತಿದ್ದವನು, ಉಗುರು, ಎಂಜಲು. ಕತೆ ಅಷ್ಟು ಚೆನ್ನಾಗಿರುವುದರಿಂದ ಚಿತ್ರವನ್ನು ಯಾರೂ ನೋಡುವ ಹಾಗೆಯೇ ಕಾಣುವುದಿಲ್ಲ. ನನ್ನ ತಕರಾರು ಅದು. ಏನೂ ಉಳಿಯದಾಗ ಉಗುರಿಗೆ ಬಂದ ಎನ್ನುವುದು ಅರ್ಧ ನಿಜ. 1955ರ ‘ರಿಫ್ಲೆಕ್ಷನ್ಸ್ ಆನ್ ಬ್ಲ್ಯಾಕ್’ ಎಂಬ ಚಿತ್ರದಲ್ಲಿ ಒಬ್ಬ ಕುರುಡನಿದ್ದಾನೆ. ಅವನ ಕಣ್ಣುಗಳ ಜಾಗದಲ್ಲಿ ಬ್ರಾಕೇಜ್ ಫಿಲಂ ಅನ್ನೇ ಕೆರೆದು ಬೆಳಕಿನ ಗಾಯಗಳನ್ನು ಮಾಡಿದ್ದ. ಆಗ ವಯಸ್ಸು 22, ರೋಗವಿರಲಿಲ್ಲ, ಕ್ಯಾಮೆರಾ ಕೈಯಲ್ಲೇ ಇತ್ತು. ಅವನ ಎಷ್ಟೋ ಚಿತ್ರಗಳ ಹೆಸರನ್ನು ಗಮನಿಸಿ: ಅಚ್ಚಿನ ಅಕ್ಷರಗಳಲ್ಲ, ಫಿಲಂ ಮೇಲೆ ಚೌಕ ಚೌಕಕ್ಕೂ ಅವನೇ ಗೀರಿದ್ದು, ಹಾಗಾಗಿ ಅಕ್ಷರಗಳು ತೆರೆಯ ಮೇಲೆ ನಿಲ್ಲಲಾರದೆ ನಡುಗುತ್ತವೆ. ತನ್ನ ಹೆಸರನ್ನೂ ಹಾಗೆಯೇ ಗೀರುತ್ತಿದ್ದ. ದಶಕಗಳ ಕಾಲ ಈ ಸಹಿ ಮಾಡಿದ ಕೈ ‘ಚೈನೀಸ್ ಸೀರೀಸ್’ನಲ್ಲಿ ಸಹಿಯೊಂದನ್ನೇ ಚಿತ್ರ ಮಾಡಿತು, ಅದೂ ಹೆಸರಿನ ಅಕ್ಷರಗಳನ್ನು ಬಿಟ್ಟು. ಅನಾರೋಗ್ಯ ಅವನಿಂದ ಕ್ಯಾಮೆರಾ ಕಿತ್ತುಕೊಂಡಿತು, ಬಣ್ಣ ಕಿತ್ತುಕೊಂಡಿತು, ಒಪ್ಪೋಣ. ಆದರೆ ಉಗುರಿಗೆ ಹಾದಿ ಅನಾರೋಗ್ಯ ಹಾಕಿದ್ದಲ್ಲ, ಅವನೇ ತುಳಿದು ಮಾಡಿದ್ದು.

ನೋವಿನ ಚಿತ್ರ ಎನ್ನುವುದನ್ನೂ ನಾನು ಒಪ್ಪಲಾರೆ. ಹಾಸಿಗೆಯಲ್ಲಿ ಅವನಿಗೆ ನೋವಿತ್ತು, ಗೀರುಗಳಲ್ಲಿ ಇರುವುದು ಚೇಷ್ಟೆ. ಒಂದು ಗೀರು ಅಕ್ಷರವಾಗುವ ಆಸೆ ಹುಟ್ಟಿಸಿ ಕೈಕೊಟ್ಟು ಹೋಗುವುದನ್ನು ನಾಲ್ಕೈದು ಸಲ ಕಂಡ ಮೇಲೆ ನನಗೆ ನಗು ಬರುತ್ತದೆ.

ತನ್ನ ಕೆಲಸವನ್ನು ವಿಡಿಯೊದಲ್ಲಿ ತೋರಿಸುವುದಕ್ಕೆ ಬ್ರಾಕೇಜ್ ಬಹಳ ಕಾಲ ಒಪ್ಪಿರಲಿಲ್ಲ. ಕೊನೆಗೆ ಒಪ್ಪಿ, 26 ಚಿತ್ರಗಳ ಡಿವಿಡಿ ಸಂಪುಟವೊಂದು ಅವನು ತೀರಿಕೊಂಡ ವರ್ಷವೇ ಹೊರಬಂತು. ಫಿಲಂನಲ್ಲಿ ನೋಡುವುದೇ ಸರಿ, ನಿಜ. ಆದರೆ ನಮ್ಮ ಊರುಗಳಲ್ಲಿ 16 ಎಂಎಂ ಪ್ರೊಜೆಕ್ಟರನ್ನು ಎಲ್ಲಿಂದ ತರುವುದು? ಡಿಸ್ಕಿನಲ್ಲೇ ನೋಡೋಣ. ಕೋಣೆ ಕತ್ತಲಾಗಿರಲಿ, ಫೋನು ಹೊರಗಿರಲಿ. ಹಿನ್ನೆಲೆಗೆಂದು ಯಾರಾದರೂ ತಂಬೂರಿಯ ಶ್ರುತಿ ಹಾಕಹೊರಟರೆ ತಡೆಯಿರಿ. ಹೊಸಬರಿಗೆ ತೋರಿಸುವುದಾದರೆ ‘ಮಾತ್‌ಲೈಟ್’ ಮೊದಲು, ‘ಕಮಿಂಗಲ್ಡ್ ಕಂಟೇನರ್ಸ್’ ಆಮೇಲೆ, ‘ಡಾಂಟೆ’ಯನ್ನು ಎರಡು ಸಲ. ‘ಚೈನೀಸ್ ಸೀರೀಸ್’ ತೋರಿಸುವಾಗ ಮಾತ್ರ ಯಾರು, ಯಾವಾಗ, ಯಾವ ಸ್ಥಿತಿಯಲ್ಲಿ ಮಾಡಿದ್ದು ಎಂದು ಬಾಯಿಬಿಡಬೇಡಿ. ಕೇಳಿದರೆ, ಇನ್ನೊಂದು ಸಲ ಹಾಕಿ ಆದ ಮೇಲೆ ಹೇಳಿ.